ಪ್ರವೀಣನ ಅನುಭವಕ್ಕೆ ರಿಜಿಸ್ಟ್ರೇಷನ್ ಸಿಗಬೇಕಾ? ಮನೆ ಗುಂಪಿನಲ್ಲಿ ಜಗಳ

ರಶ್ಮಿ (ಟೊರಾಂಟೊ): ನಮ್ಮ ಪ್ರವೀಣ ವರ್ಷಗಟ್ಟಲೆಯಿಂದ ಔಷಧಿ ಅಂಗಡಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಾನೆ, ಆದರೂ ಅವನಿಗೆ ಫಾರ್ಮಸಿಸ್ಟ್ ರಿಜಿಸ್ಟ್ರೇಷನ್ ಇಲ್ಲ. ಇಲ್ಲಿ ಕೆನಡಾದ ಒಂಟಾರಿಯೊದಲ್ಲಿ 2010ರ ಕೊನೆಗೆ ಫಾರ್ಮಸಿ ಟೆಕ್ನಿಷಿಯನ್ ಅಂತ ಕರೆಸಿಕೊಳ್ಳಲು ರಿಜಿಸ್ಟ್ರೇಷನ್ ಬೇಕು ಅಂತಾಯ್ತು. ಆಗಲೇ ಕೆಲಸದಲ್ಲಿದ್ದವರಿಗೆ, ಕಮ್ಮಿ ಬಿದ್ದ ಓದು ತುಂಬಿಕೊಳ್ಳಲು, ನಾಲ್ಕು ಬ್ರಿಡ್ಜ್ ಕೋರ್ಸ್ ಇಟ್ಟರು. ಕೆಲಸ ಬಿಡದೆ ಸಂಜೆ ಓದಿ ಪರೀಕ್ಷೆ ಬರೆಯಬಹುದಿತ್ತು. ನಮ್ಮ ಪ್ರವೀಣನಿಗೆ ದಾವಣಗೆರೆಯಲ್ಲಿ ಇಂಥದ್ದು ಯಾಕಿಲ್ಲ?

ಮಂಜು ಚಿಕ್ಕಪ್ಪ: ನಾನು ಹೇಳುವುದೂ ಅದನ್ನೇ ಕಣಮ್ಮ. ಡಾಕ್ಟರು ಗೀಚಿದ ಚೀಟಿಯನ್ನು ಇವನಷ್ಟು ಬೇಗ ಯಾರೂ ಓದುವುದಿಲ್ಲ. ಅಂಗಡಿಗೆ ತನ್ನ ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟ ಫಾರ್ಮಸಿಸ್ಟ್ ಅಂಗಡಿ ಕಡೆ ತಲೆ ಕೂಡ ಹಾಕುವುದಿಲ್ಲ. ಅನುಭವ ನೋಡಿ ರಿಜಿಸ್ಟ್ರೇಷನ್ ಕೊಟ್ಟುಬಿಡಲಿ.

ಸುಮಾ (ಆಸ್ಪತ್ರೆ ಫಾರ್ಮಸಿಸ್ಟ್): ಚಿಕ್ಕಪ್ಪ, ಬೇಜಾರಾಗಬೇಡಿ, ಇದಕ್ಕೆ ನಾನು ಒಪ್ಪುವುದಿಲ್ಲ. ಚೀಟಿ ಓದುವುದು ಬೇರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುತ್ತಿರುವ ಅಜ್ಜ ಮಂಡಿನೋವು ಅಂತ ನೋವಿನ ಮಾತ್ರೆ ಡೈಕ್ಲೋಫೆನಾಕ್ ಕೇಳಿದರೆ, ರಕ್ತಸ್ರಾವ ಆಗಬಹುದು ಅಂತ ತಡೆದು ಡಾಕ್ಟರ ಹತ್ತಿರ ವಾಪಸ್ ಕಳಿಸುವುದು ಬೇರೆ. ಅದಕ್ಕೆ ಫಾರ್ಮಕಾಲಜಿ, ಅಂದರೆ ಔಷಧಿ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಓದಬೇಕು. ರಶ್ಮಿ ಹೇಳಿದ ನಾಲ್ಕು ಕೋರ್ಸಿನಲ್ಲಿ ಒಂದು ಅದೇ. ಮತ್ತೆ ಅಲ್ಲಿ ಟೆಕ್ನಿಷಿಯನ್ ಬೇರೆ, ಫಾರ್ಮಸಿಸ್ಟ್ ಬೇರೆ. ಮಾತ್ರೆ, ಎಣಿಕೆ, ಲೇಬಲ್ ಸರಿ ಇದೆಯಾ ಅಂತ ಟೆಕ್ನಿಷಿಯನ್ ನೋಡುತ್ತಾರೆ, ಈ ರೋಗಿಗೆ ಈ ಔಷಧಿ ಸರಿಯಾ ಅಂತ ಫಾರ್ಮಸಿಸ್ಟ್ ನೋಡುತ್ತಾರೆ. ನಮ್ಮಲ್ಲಿ ಆ ನಡುವಿನ ಹುದ್ದೆಗೆ ರಿಜಿಸ್ಟ್ರೇಷನ್ನೇ ಇಲ್ಲ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ ಚೀಟಿಗೆ ಔಷಧಿ ಕೊಡಬೇಕಾದವರು ರಿಜಿಸ್ಟರ್ಡ್ ಫಾರ್ಮಸಿಸ್ಟ್.

ಮಂಜು ಚಿಕ್ಕಪ್ಪ: ಹಿಂದೆ ಕಾಂಪೌಂಡರ್‌ಗಳು ಇರಲಿಲ್ವಾ? ಅವರು ಯಾವ ಕಾಲೇಜಿಗೆ ಹೋಗಿದ್ದರು?

ಸುಮಾ: ಇದ್ದರು. ಅದೇ ಕಾಯ್ದೆಯಲ್ಲಿ ಮೊದಲ ರಿಜಿಸ್ಟರ್ ಮಾಡುವಾಗ, ಐದು ವರ್ಷ ಆಸ್ಪತ್ರೆ ಇಲ್ಲವೇ ಡಿಸ್ಪೆನ್ಸರಿಯಲ್ಲಿ ಔಷಧಿ ಬೆರೆಸಿದವರನ್ನೂ ಸೇರಿಸಿಕೊಂಡರು. ಅದು ಆಗಿನ ಮಾತು. ನನಗೆ ಹೊಟ್ಟೆ ಉರಿಯುವುದು ಈಗಿನದ್ದಕ್ಕೆ. ನಮ್ಮಲ್ಲೂ 2014ರಿಂದ ಬಿ.ಫಾರ್ಮ್ ಪ್ರಾಕ್ಟೀಸ್ ಅಂತ ಪದವಿ ಕೊಡುವ ಎರಡು ವರ್ಷದ ಬ್ರಿಡ್ಜ್ ಕೋರ್ಸಿಗೆ ನಿಯಮ ಇದೆ, ಆದರೆ ಅದಕ್ಕೆ ಸೇರಲು ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಮುಗಿಸಿ, ರಿಜಿಸ್ಟರ್ ಆಗಿ, ನಾಲ್ಕು ವರ್ಷ ಕೆಲಸ ಮಾಡಿರಬೇಕು. ಹೊಳೆ ದಾಟಿದವರಿಗೆ ದೋಣಿ ಕೊಟ್ಟ ಹಾಗಾಯ್ತು ಅಲ್ವಾ?

ಪ್ರವೀಣ: ಸುಮಕ್ಕ, ನಾನು ಡಿ.ಫಾರ್ಮಾ ಓದಲು ರೆಡಿ. ಆದರೆ ನನ್ನದು ಪಿಯುಸಿ ಕಾಮರ್ಸ್. ಸೈನ್ಸ್ ಆಗಿರಬೇಕು ಅಂತ ಕಾಲೇಜಿನಲ್ಲಿ ಅರ್ಜಿಯೇ ಕೊಡಲಿಲ್ಲ.

ಸುಮಾ: ಗೊತ್ತು ಕಣೋ. ಸೈನ್ಸ್ ಬೇಡ ಅಂತ ನಾನೂ ಹೇಳುವುದಿಲ್ಲ, ಕೆಮಿಸ್ಟ್ರಿ ಬಾರದೆ ಮುಂದಿನದ್ದು ತಲೆಗೆ ಹತ್ತುವುದಿಲ್ಲ. ಸಂಜೆ ಹೊತ್ತು ಮೊದಲು ಅದನ್ನು ಕಲಿಸಲಿ, ಆಮೇಲೆ ಡಿ.ಫಾರ್ಮಾ ಪಾಠ ಪೂರ್ತಿ ಮಾಡಲಿ, ಪರೀಕ್ಷೆಯಲ್ಲಿ ಯಾವ ರಿಯಾಯಿತಿಯೂ ಬೇಡ. ಕೊನೆಗೆ 500 ಗಂಟೆ ಪ್ರಾಕ್ಟಿಕಲ್ ತರಬೇತಿ ಇದೆಯಲ್ಲ, ವರ್ಷಗಟ್ಟಲೆ ಕೌಂಟರಿನಲ್ಲಿ ನಿಂತವರಿಗೆ ಆ ಕೆಲಸವನ್ನೇ ಲೆಕ್ಕಕ್ಕೆ ಹಿಡಿಯಲಿ. ಫಾರ್ಮಸಿಸ್ಟ್ ಎದುರಿಗೆ ಮಾಡಿದ ಕೆಲಸ ಆಗಿರಬೇಕು ಅಷ್ಟೆ.

ಮಂಜು ಚಿಕ್ಕಪ್ಪ: ಅಂಗಡಿಯಲ್ಲಿ ಫಾರ್ಮಸಿಸ್ಟೇ ಇಲ್ಲವಲ್ಲ!

ಸುಮಾ: ಹಾಗಾದರೆ ಇವನು ಮೊದಲು ಆ ಅಂಗಡಿ ಬಿಡಲಿ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಎಲ್ಲರೂ ಬೆರಳು ತೋರಿಸುವುದು ಔಷಧಿ ಕೊಟ್ಟ ಹುಡುಗನ ಕಡೆಗೇ. ಪ್ರವೀಣ, ನಮ್ಮ ಆಸ್ಪತ್ರೆ ಫಾರ್ಮಸಿಗೆ ಒಬ್ಬ ಸಹಾಯಕ ಬೇಕು. ಇಬ್ಬರು ಫಾರ್ಮಸಿಸ್ಟ್ ಇದ್ದೇವೆ, ಕೇಳಿ ಕಲಿಯಬಹುದು. ಸೋಮವಾರ ಬೆಳಿಗ್ಗೆ ಬಾ.

ಮಂಜು ಚಿಕ್ಕಪ್ಪ: ಸಂಬಳ ಎಷ್ಟು ಕೊಡುತ್ತಾರೆ, ಅದನ್ನು ಮೊದಲು ಹೇಳಮ್ಮ.