ಸಿಟ್ಟು ನುಂಗಿದರೆ ಅದು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ (ಕಲಬುರಗಿ):
ಸೂಪರ್ ಮಾರ್ಕೆಟ್ ಹತ್ತಿರ ನನ್ನ ಮೊಬೈಲ್ ರಿಪೇರಿ ಅಂಗಡಿ ಇದೆ. ಮೇ ತಿಂಗಳ ಬಿಸಿಲು, ಕರೆಂಟ್ ಇಲ್ಲ, ಗಿರಾಕಿ ಕೂಗಾಡುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಆದರೆ ರಾತ್ರಿ ಮಲಗಿದರೂ ಎದೆ ಹೊಡೆದುಕೊಳ್ಳುತ್ತದೆ. ಇದು ಸಂಯಮವಾ, ಸುಮ್ನೆ ಅದುಮಿಡುವುದಾ?

ಉತ್ತರ ೧ (ಬೀದರ್, ನರ್ಸ್):
ಅದುಮಿಡುವುದೇ ಅನ್ನಿಸುತ್ತದೆ. ಮುಖದಲ್ಲಿ ತೋರಿಸದಿದ್ದರೆ ಒಳಗಿನ ಬೇಸರದ ಭಾವನೆ ಕಡಿಮೆ ಆಗುವುದಿಲ್ಲ, ದೇಹದ ಒತ್ತಡ ಜಾಸ್ತಿ ಆಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ ಪ್ರಯೋಗಗಳಲ್ಲಿ ಕಂಡಿದ್ದಾರೆ. ಸಿಟ್ಟು ಬಂದಾಗ ಮನಸ್ಸಿನಲ್ಲೇ ಹೇಳಿಕೊಳ್ಳಿ: ‘ಸಿಟ್ಟು ಬಂದಿದೆ. ದವಡೆ ಬಿಗಿದಿದೆ.’ ಆಮೇಲೆ ಉಸಿರು ನಿಧಾನವಾಗಿ ಬಿಡಿ. ಬಿಡುವಾಗ ಎದೆಬಡಿತ ತಗ್ಗುತ್ತದೆ. ವಾರ್ಡಿನಲ್ಲಿ ರೋಗಿಯ ಕಡೆಯವರು ಜಗಳಕ್ಕೆ ಬಂದಾಗ ನಾನು ಹೀಗೇ ಮಾಡುತ್ತೇನೆ. ಎದೆಬಡಿತ ದಿನಾ ಹಾಗೇ ಇದ್ದರೆ ಡಾಕ್ಟರಿಗೂ ತೋರಿಸಿ.

ಉತ್ತರ ೨ (ಯಾದಗಿರಿ, ನಿವೃತ್ತ ಮಾಸ್ತರ್):
ಬಸವಣ್ಣನವರು ‘ಮುನಿಯಬೇಡ’ ಎಂದದ್ದು ನಮಗೆಲ್ಲ ಬಾಯಿಪಾಠ. ಅದಕ್ಕಿಂತ ಹಳೆಯ ಮಾತು ನಿಮ್ಮ ಜಿಲ್ಲೆಯಲ್ಲೇ ಇದೆ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲಿ ‘ಹನ್ನೆರಡನೆಯ ಶಿಲಾಶಾಸನ’ ಎಂದು ಕರೆಯುವುದೂ ಇದೆ. ಮಾತಿಗೆ ಹಿಡಿತ ಇರಲಿ, ಸುಮ್ನೆ ಪರಮತವನ್ನು ಹಳಿಯಬೇಡಿ ಎನ್ನುತ್ತದೆ ಅದು. ಮಾತು ತಡೆದರೆ ಅರ್ಧ ಕೆಲಸ ಆಯಿತು, ಅದನ್ನು ನೀವು ಮಾಡಿದ್ದೀರಿ. ಸಿಟ್ಟಿನ ಬುಡದಲ್ಲಿ ಏನಿದೆ ಎಂದು ನೋಡುವುದು ಇನ್ನರ್ಧ. ಬಹಳ ಸಲ ಅಲ್ಲಿ ಅವಮಾನ ಇರುತ್ತದೆ, ಅಲ್ವಾ?

ಪ್ರಶ್ನೆ ಕೇಳಿದವರು:
ಹೌದು ಸರ್, ಅವಮಾನವೇ. ‘ಕಳ್ಳ’ ಅಂದಾಗ ಮಾತ್ರ ಎದೆ ಹೊಡೆದುಕೊಳ್ಳುತ್ತದೆ, ಬರೀ ಕೂಗಿದರೆ ಇಲ್ಲ. ನಾಳೆಯಿಂದ ಬಿಚ್ಚಿದ ಭಾಗಗಳನ್ನು ಗಿರಾಕಿಯ ಕಣ್ಣೆದುರೇ ಇಡುತ್ತೇನೆ.