ಹಡಗು ಹತ್ತುವ ದಿನ ಚಿಕ್ಕ ಮಕ್ಕಳ ಜೊತೆ ಹೇಗೆ? ಹೋಗಿ ಬಂದವರು ಹೇಳಿ

ಕೇಳಿದವರು, ಕೋಲಾರ
ಡಿಸೆಂಬರ್ ರಜೆಗೆ ಮುಂಬೈಯಿಂದ ಗೋವಾಕ್ಕೆ ಹೋಗುವ ಕ್ರೂಸ್ ಬುಕ್ ಮಾಡಿದ್ದೇವೆ. ಮಗಳಿಗೆ ಐದು ವರ್ಷ, ಮಗನಿಗೆ ಇನ್ನೂ ಎರಡು ತುಂಬಿಲ್ಲ. ಜೊತೆಗೆ ಅತ್ತೆ ಬರುತ್ತಾರೆ. ನಮ್ಮ ಕಡೆ ಕೆರೆ ತುಂಬಿದರೆ ಅದೇ ದೊಡ್ಡ ಸುದ್ದಿ, ಸಮುದ್ರದ ಅಭ್ಯಾಸ ಯಾರಿಗೂ ಇಲ್ಲ. ಮೊದಲ ದಿನಕ್ಕೆ ಏನು ತಯಾರಿ ಬೇಕು?

ಬಂಗಾರಪೇಟೆಯಿಂದ
ಅಕ್ಕ, ಹಿಂದಿನ ದಿನವೇ ಮುಂಬೈ ಸೇರಿಕೊಳ್ಳಿ. ಅದೇ ದಿನದ ಬೆಳಗಿನ ವಿಮಾನ ಅಂದರೆ ಕೋಲಾರದಿಂದ ದೇವನಹಳ್ಳಿಗೆ ಸರಿರಾತ್ರಿಯಲ್ಲಿ ಹೊರಡಬೇಕು. ನಿದ್ದೆಗೆಟ್ಟ ಮಕ್ಕಳನ್ನು ಕಟ್ಟಿಕೊಂಡು ಸಾಲಿನಲ್ಲಿ ನಿಲ್ಲುವುದು ಯಾರಿಗೆ ಬೇಕು? ವಿಮಾನ ತಡವಾದರೆ ಹಡಗು ಕಾಯುವುದೂ ಇಲ್ಲ. ಹಡಗು ಹತ್ತುವುದು ಬಲ್ಲಾರ್ಡ್ ಪಿಯರ್‌ನಲ್ಲಿ. ಸಿಎಸ್‌ಎಂಟಿ ಸ್ಟೇಷನ್, ಫೋರ್ಟ್ ಕಡೆ ರೂಮು ಮಾಡಿದರೆ ಹತ್ತಿರ.

ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಟರ್ಮಿನಲ್‌ನಲ್ಲೇ ತೆಗೆದುಕೊಳ್ಳುತ್ತಾರೆ. ಅವು ನಿಮ್ಮ ರೂಮಿನ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯೂ ಆಗಬಹುದು. ರೂಮು ಕೂಡ ಹತ್ತಿದ ತಕ್ಷಣ ಸಿಗುತ್ತದೆ ಅಂತಿಲ್ಲ. ಅಲ್ಲಿಯವರೆಗೆ ಕೈಚೀಲವೇ ನಿಮ್ಮ ಮನೆ. ಡೈಪರ್, ಎರಡು ಜೊತೆ ಬಟ್ಟೆ, ಸ್ವೆಟರ್ (ಒಳಗೆ ಎ.ಸಿ. ಜೋರು), ಮಕ್ಕಳದ್ದೂ ಸೇರಿ ಎಲ್ಲರ ಆಧಾರ್ ಅದರಲ್ಲಿರಲಿ. ಅತ್ತೆಯವರ ಮಾತ್ರೆ ಸೂಟ್‌ಕೇಸಿಗೆ ಹೋಗಲೇಬಾರದು.

ಚಿಂತಾಮಣಿಯಿಂದ
ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಹೊರಡುವ ಹೊತ್ತಿಗೆ ಸುರಕ್ಷತೆಯ ಡ್ರಿಲ್ ಇರುತ್ತದೆ, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅಂತ ತೋರಿಸುವ ಅಭ್ಯಾಸ. ಸುಮ್ನೆ ಶಾಸ್ತ್ರಕ್ಕೆ ಅಂದುಕೊಂಡು ತಪ್ಪಿಸಿಕೊಳ್ಳಬೇಡಿ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಮಾಡಬೇಕು ಅಂತಾಯಿತು.

ಡ್ರಿಲ್‌ಗೆ ಕರೆಯುವ ಸದ್ದು ಏಳು ಚಿಕ್ಕ ಸೈರನ್, ಒಂದು ಉದ್ದದ್ದು. ಮಗಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಹೆದರಿ ಅಳುತ್ತಾಳೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ರೂಮಿನಲ್ಲಿ ಕಾಣದಿದ್ದರೆ ಆಗಲೇ ಕೇಳಿ ಪಡೆಯಿರಿ.

ನನ್ನ ಪ್ರಕಾರ ಮೊದಲ ದಿನದ ನಿಜವಾದ ಅಪಾಯ ಬಾಗಿಲುಗಳು. ತುಂಬಾ ಭಾರ, ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಚಿಕ್ಕ ಬೆರಳು ಸಿಕ್ಕಿಕೊಂಡರೆ ಕಷ್ಟ. ಬಚ್ಚಲಿನ ಹೊಸ್ತಿಲೂ ಎತ್ತರ, ಅತ್ತೆಯವರಿಗೆ ತೋರಿಸಿಡಿ. ಇನ್ನೊಂದು, ಕಾರಿಡಾರುಗಳೆಲ್ಲಾ ಒಂದೇ ಥರ ಇರುತ್ತವೆ. ಬಾಗಿಲು ಹೆಚ್ಚಾಗಿ ಕಬ್ಬಿಣದ್ದೇ ಆದ್ದರಿಂದ ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ಗೊಂಬೆ ಒಯ್ಯಿರಿ. ಅದನ್ನು ನೋಡಿ ಮಗಳು ರೂಮು ಗುರುತು ಹಿಡಿಯುತ್ತಾಳೆ.

ತಿಪಟೂರಿನಿಂದ
ಊಟದ ಚಿಂತೆ ಬೇಡ, ಅನ್ನ ಮೊಸರು ಸಿಗುತ್ತದೆ. ಮುದ್ದೆ ಮಾತ್ರ ಕೇಳಬೇಡಿ! ಮನೆಯಲ್ಲಿ ಮಾಡಿದ ಅಡುಗೆಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಮಗುವಿನ ಆಹಾರಕ್ಕೆ ಬಿಡುತ್ತಾರೆ, ಆದರೂ ರಾಗಿಸರಿ ಪುಡಿಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಎಲೆಕ್ಟ್ರಿಕ್ ಕೆಟಲ್ ತೆಗೆದುಕೊಂಡು ಹೋಗಬೇಡಿ, ಬೆಂಕಿಯ ಭಯಕ್ಕೆ ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಫ್ಲಾಸ್ಕ್ ಇದ್ದರೆ ಬಿಸಿನೀರು ಹಾಕಿಸಿಕೊಳ್ಳಬಹುದು.

ಓಲಾಟ ಕೆಳಗಿನ ಅಂತಸ್ತಿನ ಮಧ್ಯಭಾಗದಲ್ಲಿ ಕಡಿಮೆ. ರೂಮು ಇನ್ನೂ ಆರಿಸಿಲ್ಲವಾದರೆ ಅಲ್ಲೇ ಕೇಳಿ. ವಾಂತಿ ಮಾತ್ರೆಯನ್ನು ಮಕ್ಕಳಿಗೆ ನಿಮ್ಮ ಡಾಕ್ಟರನ್ನು ಕೇಳದೆ ಕೊಡಬೇಡಿ. ಕೆಲವನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದು. ದಡ ಬಿಟ್ಟ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡಿ ಸಮುದ್ರವೇ ಬೇಡ ಅನ್ನಿಸುತ್ತದೆ.

ಕೇಳಿದವರು, ಕೋಲಾರ
ಎಲ್ಲರಿಗೂ ಥ್ಯಾಂಕ್ಸ್. ಡೈಪರ್ ಹಾಕಿರುವ ಮಗನನ್ನು ಈಜುಕೊಳಕ್ಕೆ ಬಿಡುತ್ತಾರಾ?

ಚಿಂತಾಮಣಿಯಿಂದ
ಹೆಚ್ಚಿನ ಹಡಗುಗಳಲ್ಲಿ ಬಿಡುವುದಿಲ್ಲ, ಸ್ವಿಮ್ ಡೈಪರ್ ಹಾಕಿದರೂ ಅಷ್ಟೆ. ಮಕ್ಕಳ ಕ್ಲಬ್‌ಗೂ ಸಾಮಾನ್ಯವಾಗಿ ಮೂರು ವರ್ಷ ಆಗಿರಬೇಕು. ಮಗಳ ಹೆಸರನ್ನು ಮಾತ್ರ ಹತ್ತಿದ ದಿನವೇ ಬರೆಸಿಬಿಡಿ, ಆಮೇಲೆ ಅಲ್ಲಿ ಜನ ಜಾಸ್ತಿ.