ಪುಟ್ಟಾ, ನೀನು ಕೇಳಿದ ಹೆಗ್ಗೋಡಿನ ಸುಬ್ಬಣ್ಣನವರ ಬಗ್ಗೆ

ಪುಟ್ಟಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಎರಡು ಸಾಲು ಟೈಪ್ ಮಾಡಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಬಿಡುವಾದಾಗ ಎಲ್ಲರೂ ಕೇಳಿಸಿಕೊಳ್ಳಿ.

ನಿನ್ನೆ ಜುಲೈ 16 ಅಂತ ದೊಡ್ಡಪ್ಪ ನಮ್ಮ ಮನೆಯವರ ಗ್ರೂಪಿನಲ್ಲಿ ಕೆ.ವಿ. ಸುಬ್ಬಣ್ಣನವರ ಫೋಟೋ ಹಾಕಿದ್ದರಲ್ಲ, ಅವರು ತೀರಿಕೊಂಡ ದಿನ ಅದು. ಅದಕ್ಕೆ ನೀನು ಕೇಳಿದ್ದೆ, ಇವರು ನಟರಾ, ನಿರ್ದೇಶಕರಾ, ಅಡಿಕೆ ತೋಟದವರಿಗೆ ಮ್ಯಾಗ್ಸೆಸೆ ಅಂಥ ಏಷ್ಯಾದ ದೊಡ್ಡ ಪ್ರಶಸ್ತಿ ಯಾಕೆ ಬಂತು ಅಂತ. ಅದರ ಜೊತೆಗೇ ಇನ್ನೊಂದು ಬೇಜಾರೂ ಹೇಳಿಕೊಂಡಿದ್ದೆ. ನಿಮ್ಮ ಬಡಾವಣೆಯ ಸಂಘದಲ್ಲಿ ರಾಜ್ಯೋತ್ಸವಕ್ಕೆ ನಾಟಕ ಮಾಡೋಣ ಅಂದರೆ, "ನಾವೇನು ಕಲಾವಿದರಾ? ಸುಮ್ನೆ ಆರ್ಕೆಸ್ಟ್ರಾ ಕರೆಸೋಣ" ಅಂದರಂತೆ. ನನಗೆ ಕೇಳಿದರೆ ಈ ಎರಡೂ ಒಂದೇ ಮಾತು ಪುಟ್ಟಾ. ಸುಬ್ಬಣ್ಣನವರ ಬಗ್ಗೆ ಹೇಳುತ್ತಾ ಹೋದರೆ ನಿಮ್ಮ ಸಂಘದವರಿಗೂ ಉತ್ತರ ಸಿಗುತ್ತದೆ.

ಅವರು ಹುಟ್ಟಿದ್ದು 1932ರಲ್ಲಿ, ನಮ್ಮ ಸಾಗರದ ಸೀಮೆಯಲ್ಲೇ. ಹೆಗ್ಗೋಡು ಅಂದರೆ ಆಗ ಏನು? ನಾಲ್ಕು ಮನೆ, ತೋಟ, ಮಳೆ. ಆ ಊರಿನ ಅಡಿಕೆ ಬೆಳೆಗಾರರು ಸೇರಿಕೊಂಡು 1949ರಲ್ಲಿ ಒಂದು ನಾಟಕದ ಸಂಘ ಕಟ್ಟಿದರು. ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ಎಲ್ಲರ ಬಾಯಲ್ಲಿ ಅದೇ ನೀನಾಸಂ ಆಯಿತು. ಆಗ ಸುಬ್ಬಣ್ಣನವರಿಗೆ ಹದಿನೇಳು ವರ್ಷ. ಆಮೇಲೆ ಮೈಸೂರಿಗೆ ಓದಲು ಹೋದರು, ಕುವೆಂಪು ಅವರ ಶಿಷ್ಯರಾದರು. ಅಷ್ಟು ಓದಿದವರು ಮೈಸೂರಲ್ಲೇ ಮೇಷ್ಟ್ರಾಗಿ ಉಳಿಯಬಹುದಿತ್ತು, ಅಲ್ವಾ? ಉಳಿಯಲಿಲ್ಲ. ಊರಿಗೆ ಬಂದು ತೋಟ ನೋಡಿಕೊಂಡರು. ಅಕ್ಷರ ಪ್ರಕಾಶನ ಅಂತ ಶುರು ಮಾಡಿ ಆ ಹಳ್ಳಿಯಿಂದಲೇ ಪುಸ್ತಕ ತಂದರು. ಸಂಜೆ ನಾಟಕ.

ನಾಟಕ ಅವರಿಗೆ ಹೊಟ್ಟೆಪಾಡಾಗಿರಲಿಲ್ಲ. ಇದನ್ನು ಮೊದಲು ತಿಳಿದುಕೋ. ನಮ್ಮ ಕಡೆಯ ವರ್ಷ ಹೇಗಿರುತ್ತದೆ ಅಂತ ನೀನು ಸಣ್ಣವನಿದ್ದಾಗ ನೋಡಿದ್ದೀಯ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆ ರೋಗದ ಚಿಂತೆ, ಮದ್ದು ಹೊಡೆಸುವ ಓಡಾಟ. ಮಳೆ ಹಿಂದಾದ ಮೇಲೆ ಅಡಿಕೆ ಗೊನೆ ಕೊಯ್ಲು. ಆಮೇಲೆ ರಾತ್ರಿ ಹೊತ್ತು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವುದು. ನಡುವೆ ಮದುವೆ, ಮುಂಜಿ, ತಿಥಿ. ಇಷ್ಟರ ಮಧ್ಯೆ ಬಿಡುವು ಮಾಡಿಕೊಂಡು ಮಾತು ಬಾಯಿಪಾಠ ಮಾಡಿ, ತಾಲೀಮಿಗೆ ಬಂದು, ಬಣ್ಣ ಹಚ್ಚಿ ನಿಂತವರು ಹೆಗ್ಗೋಡಿನವರು. ಯಾರೂ ಕಲಾವಿದರಾಗಿ ಹುಟ್ಟಿದವರಲ್ಲ. ಹವ್ಯಾಸ ಅಂದಮಾತ್ರಕ್ಕೆ ಹೇಗೋ ಒಂದು ಮಾಡಿ ಮುಗಿಸಿದರಾಯಿತು ಅಂತ ಸುಬ್ಬಣ್ಣನವರು ಯಾವತ್ತೂ ಅಂದುಕೊಳ್ಳಲಿಲ್ಲ. ನಾನು ಅವರನ್ನು ಜಾಸ್ತಿ ಮೆಚ್ಚುವುದು ಇದಕ್ಕೇ.

ಇನ್ನೊಂದು, "ಹಳ್ಳಿಯವರಿಗೆ ಇಷ್ಟು ಸಾಕು" ಅನ್ನುವ ಮಾತು ಅವರಿಗೆ ಆಗುತ್ತಿರಲಿಲ್ಲ. 1973ರಲ್ಲಿ ಅಲ್ಲಿ ಚಿತ್ರಸಮಾಜ ಶುರುವಾಯಿತು, ಒಳ್ಳೆಯ ಸಿನಿಮಾ ತರಿಸಿ ಒಟ್ಟಿಗೆ ಕೂತು ನೋಡುವ ಕೂಟ. ನಮ್ಮ ಕಡೆ ಆಗ ಟೀವಿಯ ಸುದ್ದಿಯೇ ಇಲ್ಲ. ಅಂಥ ಊರಲ್ಲಿ ಸತ್ಯಜಿತ್ ರಾಯ್ ಸಿನಿಮಾ, ಜಪಾನಿನ ಕುರೊಸಾವಾ ಸಿನಿಮಾ! ತೋಟದ ಕೆಲಸ ಮುಗಿಸಿ ಬಂದವರು ಕೂತು ನೋಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡುತ್ತಿದ್ದ ಸತೀಶ್ ಬಹಾದುರ್ ಹೆಗ್ಗೋಡಿಗೆ ಬಂದು, ಸಿನಿಮಾ ನೋಡುವುದು ಹೇಗೆ ಅಂತ ಶಿಬಿರ ನಡೆಸಿಕೊಟ್ಟರು. ಭಾಷೆ ಬರುವುದಿಲ್ಲ, ಊರು ಗೊತ್ತಿಲ್ಲ, ಆದರೆ ಹಸಿವು, ಅವಮಾನ, ಅಪ್ಪ ಮಗನ ಪ್ರೀತಿ ಎಲ್ಲಿಯದಾದರೂ ಗೊತ್ತಾಗುತ್ತದಲ್ಲ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಚಿದಂಬರರಾವ್ ಜಂಬೆ ಅದರ ಮೊದಲ ಪ್ರಾಂಶುಪಾಲರು. ಇಡೀ ಕರ್ನಾಟಕದಿಂದ ಹುಡುಗ ಹುಡುಗಿಯರು ಬಂದು ಅಲ್ಲೇ ಉಳಿದು ಕಲಿಯುತ್ತಾರೆ. ಈವತ್ತಿಗೂ.

ಆ ದಿನಗಳದೇ ಇನ್ನೊಂದು ಕೆಲಸ ಇದೆ, ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನೀನಾಸಂನವರು ಯಲ್ಲಾಪುರದ ಕಡೆಯ ಮಂಚೀಕೇರಿಗೆ ಹೋಗಿ ಅಲ್ಲಿನ ಸಿದ್ದಿ ಜನರ ಜೊತೆ ನಾಟಕ ಮಾಡಿದರು. ಸಿದ್ದಿಗಳ ಹಿರೀಕರು ಆಫ್ರಿಕಾದಿಂದ ಬಂದವರು. ಮಾಡಿಸಿದ್ದು ಯಾವುದನ್ನು ಗೊತ್ತಾ? ನೈಜೀರಿಯಾದ ಚಿನುವ ಅಚಿಬೆ ಅವರ ಕಾದಂಬರಿಯನ್ನು ನಾಟಕ ಮಾಡಿದ್ದರು, 'ಕಪ್ಪು ಜನ ಕೆಂಪು ನೆರಳು' ಅಂತ. ಕೂಲಿ ಮಾಡಿ ಬದುಕುತ್ತಿದ್ದವರು, ಊರಿನವರು ಹತ್ತಿರ ಕರೆಯದಿದ್ದವರು, ರಂಗದ ನಡುವೆ ನಿಂತು ಕನ್ನಡದಲ್ಲಿ ಆಫ್ರಿಕಾದ ಕಥೆ ಆಡಿದರು. ನಾಟಕ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸೀಮೆಯಲ್ಲಿ, 1951ರಲ್ಲಿ. ಗೇಣಿದಾರರ ಹೋರಾಟಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದಿದ್ದರು. ಆ ಗಾಳಿಯಲ್ಲಿ ಬೆಳೆದವರು ಸುಬ್ಬಣ್ಣ. ಒಳ್ಳೆಯದು ಪೇಟೆಯವರಿಗೆ, ಉಳಿದದ್ದು ಹಳ್ಳಿಗೆ ಅನ್ನುವುದನ್ನು ಅವರು ಒಪ್ಪದಿದ್ದದ್ದು ಇದರಿಂದಲೂ ಇರಬೇಕು ಅಂತ ನನ್ನ ಲೆಕ್ಕ.

ಆಮೇಲೆ 1985ರಲ್ಲಿ ತಿರುಗಾಟ, ಅಂದರೆ ಊರೂರು ಸುತ್ತಿ ನಾಟಕ ಆಡುವ ನೀನಾಸಂನ ತಂಡ. ನೀನು ತಿರುಗಾಟದ ನಾಟಕ ಬೆಂಗಳೂರಲ್ಲಿ ನೋಡಿರಬಹುದು. ನಮ್ಮಂಥವರ ಊರಲ್ಲಿ ನೋಡಬೇಕು. ಮಧ್ಯಾಹ್ನ ಗಾಡಿ ಬಂದು ನಿಲ್ಲುತ್ತದೆ. ಹುಡುಗರೂ ಹುಡುಗಿಯರೂ ಇಳಿದು ಪೆಟ್ಟಿಗೆ ಹೊರುತ್ತಾರೆ, ಮೊಳೆ ಹೊಡೆಯುತ್ತಾರೆ, ಲೈಟು ಕಟ್ಟುತ್ತಾರೆ. ಹಗಲು ಏಣಿ ಹತ್ತಿ ವೈರು ಎಳೆಯುತ್ತಿದ್ದ ಹುಡುಗ ರಾತ್ರಿ ರಾಜ. ಒಂದು ಸಲ ನಾಟಕ ಮುಗಿಯಿತು, ನಾವು ಚಪ್ಪಲಿ ಹುಡುಕುವಷ್ಟರಲ್ಲಿ ಅದೇ ರಾಜ ಕಿರೀಟ ತೆಗೆದಿಟ್ಟು, ಹಣೆಯ ಬಣ್ಣ ಇನ್ನೂ ಹಾಗೇ ಇದೆ, ಮೊಣಕಾಲೂರಿ ಕೂತು ವೈರು ಸುತ್ತುತ್ತಿದ್ದ. ನಮ್ಮ ಅಮ್ಮ ಅವನ ಹತ್ತಿರ ಹೋಗಿ "ಊಟ ಆಯ್ತಾ ತಮ್ಮಾ?" ಅಂದರು. "ಇದು ಮುಗಿಸಿ ಮಾಡ್ತೇವೆ ಅಮ್ಮಾ" ಅಂದ. ಹೆಗ್ಗೋಡಿನಲ್ಲಿ ಕಲಿಸಿದ್ದು ಅದನ್ನೇ. ರಾಜನ ಪಾರ್ಟು ಮಾಡಿದವನಿಗೆ ಬೇರೆ ಮರ್ಯಾದೆ ಇಲ್ಲ, ಕಸ ಗುಡಿಸುವುದೂ ನಾಟಕದ ಕೆಲಸವೇ.

1991ರ ಮ್ಯಾಗ್ಸೆಸೆ ಇದಕ್ಕೆಲ್ಲ ಬಂತು ಪುಟ್ಟಾ. ಜಗತ್ತಿನ ಒಳ್ಳೆಯ ಸಿನಿಮಾ, ಜೀವಂತ ನಾಟಕ, ಎರಡನ್ನೂ ಕರ್ನಾಟಕದ ಹಳ್ಳಿಗಳಿಗೆ ತಂದರು ಅಂತ. 2004ರಲ್ಲಿ ಪದ್ಮಶ್ರೀ. ಮರುವರ್ಷವೇ ಹೋಗಿಬಿಟ್ಟರು. ಆದರೆ ಆ ವರ್ಷದ ತಿರುಗಾಟ ನಿಲ್ಲಲಿಲ್ಲ. ಮಗ ಅಕ್ಷರ, ಊರಿನವರು, ಕಲಿತು ಹೋದ ಹುಡುಗರು ಎಲ್ಲ ಸೇರಿ ಈವರೆಗೂ ನಡೆಸಿಕೊಂಡು ಬಂದಿದ್ದಾರೆ. ಅದರಲ್ಲಿ ಎಷ್ಟೋ ಜನರ ಹೆಸರು ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಶಿಬಿರದ ದಿನ ಬೆಳಗಾಗುವ ಮೊದಲೇ ಎದ್ದು ಒಲೆ ಹಚ್ಚುವವರು, ಬಂದವರಿಗೆ ಹಾಸಿಗೆ ಹೊಂದಿಸುವವರು. ಅವರನ್ನೂ ನೆನೆಸಿಕೊಳ್ಳಬೇಕು, ಸುಬ್ಬಣ್ಣನವರ ದಿನ ಅಂದರೆ ಅವರ ದಿನವೂ ಹೌದು.

ನಿಮ್ಮ ಸಂಘದವರಿಗೆ ಇದನ್ನೆಲ್ಲ ಹೇಳು. ರಾಜ್ಯೋತ್ಸವಕ್ಕೆ ಇನ್ನೂ ಮೂರು ತಿಂಗಳ ಮೇಲೆ ಟೈಮ್ ಇದೆ. ಸಣ್ಣ ನಾಟಕ ಹಿಡಿಯಿರಿ, ಅರ್ಧ ಗಂಟೆಯದು. ಮಾತು ಬರುವವರಿಗೆ ಪಾತ್ರ, ಬಡಗಿ ಕೆಲಸ ಗೊತ್ತಿದ್ದವರಿಗೆ ಸೆಟ್ಟು, ಸೀರೆ ಸೆರಗು ಹೊಂದಿಸುವವರಿಗೆ ವೇಷಭೂಷಣ. ಸೆಕ್ಯೂರಿಟಿಯವರ ಮಕ್ಕಳು, ಮನೆಕೆಲಸಕ್ಕೆ ಬರುವವರ ಮಕ್ಕಳು, ಅವರನ್ನೂ ತಾಲೀಮಿಗೆ ಕರೆಯಿರಿ, ಮರೆಯಬೇಡ.

ಮತ್ತೆ ಅಕ್ಟೋಬರಿನಲ್ಲಿ ಹೆಗ್ಗೋಡಿನಲ್ಲಿ ಸಂಸ್ಕೃತಿ ಶಿಬಿರ ಇರುತ್ತದೆ. ಹಗಲು ಮಾತು, ಚರ್ಚೆ, ಸಂಜೆ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ. ನೀನು, ನಿನ್ನ ಹೆಂಡತಿ, ಪಾಪು ಮೂವರೂ ಬನ್ನಿ. ರಾತ್ರಿ ತಾಳಗುಪ್ಪದ ರೈಲು ಹತ್ತಿ ಸಾಗರದಲ್ಲಿ ಇಳಿದರೆ ಬೆಳಿಗ್ಗೆ ತಿಂಡಿ ನಮ್ಮ ಮನೆಯಲ್ಲೇ. ಯಾವ ತಾರೀಖು ಅಂತ ವಿಚಾರಿಸಿ ನಾನು ಇಲ್ಲೇ ಗ್ರೂಪಿಗೆ ಹಾಕುತ್ತೇನೆ. ಬರುವವರು ಈಗಲೇ ಹೇಳಿ, ಹೆಸರು ಮೊದಲೇ ಕೊಡಬೇಕಾಗುತ್ತದೆ.